ಜೊಹರಾಳ ಬಳೆಗಳು

ಉರ್ದು ಶಾಲೆಯಲ್ಲಿ ನಾವು ಕಲಿತ ಗಾದೆಗಳಲ್ಲಿ ಒಂದು ಹೀಗಿತ್ತು: ಹೋನಹಾರ್ ಗಿಡದ ಎಲೆ ಮೊದಲಿನಿಂದಲೇ ನುಣುಪು. ಏಳನೇ ತರಗತಿ ಮುಗಿಸಿ ಕನ್ನಡ ಹೈಸ್ಕೂಲಿಗೆ ಬಂದಾಗ ಅಲ್ಲಿನ ಮೇಷ್ಟ್ರು ಅದೇ ಮಾತನ್ನು ತಮ್ಮ ಭಾಷೆಯಲ್ಲಿ ಹೇಳಿದರು: ಬೆಳೆಯುವ ಸಿರಿ ಮೊಳಕೆಯಲ್ಲಿ. ಎರಡು ಭಾಷೆಗಳು ಒಂದೇ ಮಾತನ್ನು ಹೇಳುತ್ತಿವೆಯೆಂದರೆ ಅದು ನಿಜವೇ ಇರಬೇಕೆಂದು ಬಹಳ ಕಾಲ ನಂಬಿದ್ದೆವು. ಕತೆ ಬರೆಯಲು ಕುಳಿತ ಮೇಲೆ ಅನುಮಾನ ಶುರುವಾಯಿತು. ಈ ಗಾದೆಗಳನ್ನು ಯಾರೂ ಮೊಳಕೆಯ ಎದುರು ನಿಂತು ಹೇಳುವುದಿಲ್ಲ. ಮರ ಬೆಳೆದು ಹಣ್ಣು ಬಿಟ್ಟ ಮೇಲೆ ಅದರ ನೆರಳಲ್ಲಿ ಕುಳಿತು ಹೇಳುತ್ತಾರೆ. ನೀರು ಹಾಕಿದವರು ಯಾರು, ಬೇಲಿ ಕಟ್ಟಿದವರು ಯಾರು, ಪಕ್ಕದಲ್ಲೇ ಮೊಳೆತು ಆಡಿನ ಬಾಯಿಗೆ ಹೋದ ಸಸಿಗಳು ಎಷ್ಟು ಎಂಬ ಲೆಕ್ಕ ಗಾದೆಯಲ್ಲಿಲ್ಲ.

ಪ್ರತಿಭಾವಂತ ಮಕ್ಕಳ ಬಗ್ಗೆ ನಮ್ಮ ಸಮಾಜ ಆಡುವ ಮಾತೆಲ್ಲ ಈ ಗಾದೆಯ ಜಾಡಿನಲ್ಲೇ ನಡೆಯುತ್ತದೆ. ಅದಕ್ಕೆ ಸಾಕ್ಷಿಯಾಗಿ ನಾವು ಹೆಚ್ಚು ಬಳಸುವ ಪುಸ್ತಕವೊಂದಿದೆ. 1999ರಲ್ಲಿ ಪ್ರಕಟವಾದ, ಅರುಣ್ ತಿವಾರಿ ಅವರ ಜೊತೆಗೂಡಿ ಎ.ಪಿ.ಜೆ. ಅಬ್ದುಲ್ ಕಲಾಂ ಬರೆದ ಆತ್ಮಕಥೆ 'ವಿಂಗ್ಸ್ ಆಫ್ ಫೈರ್'. ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಬಂದ ಪುಸ್ತಕವಿದು. ಕಲಾಂ 2002ರಿಂದ 2007ರವರೆಗೆ ರಾಷ್ಟ್ರಪತಿಯಾಗಿದ್ದ ಕಾಲದಲ್ಲಿ ಇದು ಶಾಲಾ ಬಹುಮಾನಗಳ ಪುಸ್ತಕವಾಯಿತು. 2015ರ ಜುಲೈ 27ರಂದು ಶಿಲ್ಲಾಂಗಿನಲ್ಲಿ ವಿದ್ಯಾರ್ಥಿಗಳ ಮುಂದೆ ಮಾತನಾಡುತ್ತಲೇ ಕುಸಿದು ಅವರು ತೀರಿಕೊಂಡ ಮೇಲೆ ಶಾಲೆಯ ಗೋಡೆಗಳಲ್ಲಿ ಅವರ ಚಿತ್ರ ಇನ್ನಷ್ಟು ಹೆಚ್ಚಿತು. ಚಿತ್ರದ ಕೆಳಗೆ ಕನಸಿನ ಬಗ್ಗೆ ಒಂದು ವಾಕ್ಯ. ಮುಸ್ಲಿಂ ಸಂಘ ಸಂಸ್ಥೆಗಳ ಕಾರ್ಯಕ್ರಮಗಳಲ್ಲಂತೂ ಭಾಷಣಕಾರರು ಕಲಾಂ ಹೆಸರನ್ನು ಮಕ್ಕಳ ಮುಂದೆ ಒಂದು ಸವಾಲಿನಂತೆ ಇಡುತ್ತಾರೆ. ದೋಣಿಯವರ ಮಗ, ಪತ್ರಿಕೆ ಹಂಚಿದ ಹುಡುಗ, ಅವನಿಗೆ ಸಾಧ್ಯವಾದದ್ದು ನಿಮಗೇಕೆ ಸಾಧ್ಯವಿಲ್ಲ? ಎದುರಿಗೆ ಕುಳಿತ ಮಕ್ಕಳು ತಲೆ ತಗ್ಗಿಸುತ್ತಾರೆ.

ಈ ಸವಾಲನ್ನು ಕೇಳಿದಾಗಲೆಲ್ಲ ನಮಗೆ ಕಾಡುವ ಪ್ರಶ್ನೆ ಒಂದೇ. ಇವರು ಆ ಪುಸ್ತಕದ ಮೊದಲ ಅಧ್ಯಾಯಗಳನ್ನು ನಿಜಕ್ಕೂ ಓದಿದ್ದಾರೆಯೇ? ಏಕೆಂದರೆ ಅಲ್ಲಿ ಇರುವುದು ಒಬ್ಬ ಹುಡುಗ ತನ್ನಷ್ಟಕ್ಕೇ ಬೆಳೆದ ಕತೆಯಲ್ಲ. ಒಂದು ಹುಡುಗನ ಸುತ್ತ ಹತ್ತಾರು ಜನ ನಿಂತ ಕತೆ. ಪುಸ್ತಕದ ಉಳಿದ ಭಾಗ ರಾಕೆಟ್ಟು, ಕ್ಷಿಪಣಿ, ಪ್ರಯೋಗಾಲಯಗಳದ್ದು. ಅದರ ಬೆಲೆಯನ್ನು ವಿಜ್ಞಾನ ಬಲ್ಲವರು ಹೇಳಲಿ. ಕತೆಗಾರರಾದ ನಮ್ಮನ್ನು ಮತ್ತೆ ಮತ್ತೆ ಎಳೆಯುವುದು ರಾಮೇಶ್ವರದ ಆ ಕೆಲವೇ ಪುಟಗಳು.

ಅಲ್ಲಿ ಯಾರು ಯಾರಿದ್ದಾರೆ ನೋಡೋಣ. ಮಸೀದಿ ಬೀದಿಯ ಮನೆ. ಹೆಚ್ಚು ಓದಿಲ್ಲದ, ಆದರೆ ಮಗನ ಪ್ರಶ್ನೆಗಳಿಗೆ ಕೂತು ಉತ್ತರಿಸುವ ತಂದೆ ಜೈನುಲಾಬ್ದೀನ್. ಮನೆಯವರಿಗಿಂತ ಹೊರಗಿನವರಿಗೇ ಹೆಚ್ಚು ಊಟ ಬಡಿಸುತ್ತಿದ್ದ ತಾಯಿ ಆಶಿಯಮ್ಮ. ವಯಸ್ಸಿನಲ್ಲಿ ಸುಮಾರು ಹದಿನೈದು ವರ್ಷ ದೊಡ್ಡವನಾದ ಅಹ್ಮದ್ ಜಲಾಲುದ್ದೀನ್. ಆಗ ಇಡೀ ದ್ವೀಪದಲ್ಲಿ ಇಂಗ್ಲಿಷ್ ಬರೆಯಬಲ್ಲವನು ಇವನೊಬ್ಬನೇ. ಊರಿನವರ ಅರ್ಜಿ, ಪತ್ರಗಳನ್ನೆಲ್ಲ ಬರೆದುಕೊಡುತ್ತಿದ್ದವನು. ಸಂಜೆ ಹುಡುಗನ ಜೊತೆ ನಡೆಯುತ್ತ ದ್ವೀಪದಾಚೆಯ ಜಗತ್ತಿನ ಬಗ್ಗೆ, ವಿಜ್ಞಾನದ ಬಗ್ಗೆ, ಸಾಹಿತ್ಯದ ಬಗ್ಗೆ ಮಾತನಾಡುತ್ತಿದ್ದವನು. ತನ್ನ ಸ್ವಂತ ಸಂಗ್ರಹದಿಂದ ಪುಸ್ತಕ ಕೊಡುತ್ತಿದ್ದ ಎಸ್.ಟಿ.ಆರ್. ಮಾಣಿಕ್ಕಂ ಎಂಬ ಹಳೆಯ ಹೋರಾಟಗಾರ. ಊರಿಗೆ ಏಕೈಕ ಪತ್ರಿಕಾ ವಿತರಕನಾಗಿದ್ದ ಸೋದರ ಸಂಬಂಧಿ ಸಂಶುದ್ದೀನ್. ಎರಡನೇ ಮಹಾಯುದ್ಧದ ಕಾಲದಲ್ಲಿ ರೈಲು ರಾಮೇಶ್ವರದಲ್ಲಿ ನಿಲ್ಲುವುದು ರದ್ದಾದಾಗ, ಓಡುವ ರೈಲಿನಿಂದ ಎಸೆದ ಪತ್ರಿಕೆಗಳ ಕಟ್ಟನ್ನು ಹಿಡಿಯಲು ಅವನಿಗೆ ಒಬ್ಬ ಸಹಾಯಕ ಬೇಕಾಯಿತು. ಹುಡುಗನ ಮೊದಲ ಸಂಪಾದನೆ ಅದೇ.

ಈ ಪ್ರಸಂಗವನ್ನು ಭಾಷಣಗಳಲ್ಲಿ 'ಬಡತನದಲ್ಲೂ ದುಡಿದು ಓದಿದ' ಎಂದು ಹೇಳುತ್ತಾರೆ. ಕಲಾಂ ಬರೆದಿರುವುದು ಬೇರೆ. ಸ್ವಂತ ದುಡಿಮೆಯ ಮೊದಲ ಹಣ ಕೈಗೆ ಬಂದಾಗ ಆದ ಹೆಮ್ಮೆ ದಶಕಗಳ ನಂತರವೂ ತನ್ನಲ್ಲಿದೆ ಎಂದು ಅವರು ನೆನೆಯುತ್ತಾರೆ. ಸಂಶುದ್ದೀನ್ ಆ ಹುಡುಗನಿಗೆ ಕೊಟ್ಟದ್ದು ಕೆಲಸ, ಜೊತೆಗೆ ಜವಾಬ್ದಾರಿ. ಅಷ್ಟಾದರೂ ಆ ಕೆಲಸ ಶಾಲೆಯನ್ನು ನುಂಗಲಿಲ್ಲ. ಹೈಸ್ಕೂಲಿನ ಕಾಲ ಬಂದಾಗ ಇದೇ ಸಂಶುದ್ದೀನ್, ಜಲಾಲುದ್ದೀನನ ಜೊತೆ ರಾಮನಾಥಪುರದವರೆಗೆ ಹೋಗಿ ಹುಡುಗನನ್ನು ಶ್ವಾರ್ಟ್ಜ್ ಹೈಸ್ಕೂಲಿಗೆ ಸೇರಿಸಿ ಬಂದ. ಗ್ಯಾರೇಜಿಗೆ, ಬೀಡಿ ಕಟ್ಟುವುದಕ್ಕೆ, ಹೊಲಿಗೆ ಅಂಗಡಿಗೆ ಮಕ್ಕಳನ್ನು ಕಳಿಸುವ ನಮ್ಮ ಮೊಹಲ್ಲಾಗಳಲ್ಲಿ ಈ ವ್ಯತ್ಯಾಸವನ್ನು ಮೊದಲು ಗಮನಿಸಬೇಕು.

ಶಾಲೆಯೊಳಗಿನ ಎರಡು ಪ್ರಸಂಗಗಳು ಬಹಳ ಪ್ರಸಿದ್ಧ. ಐದನೇ ತರಗತಿಯಲ್ಲಿ ಹೊಸದಾಗಿ ಬಂದ ಅಧ್ಯಾಪಕರೊಬ್ಬರಿಗೆ ಟೋಪಿ ಹಾಕಿದ ಹುಡುಗ, ಜನಿವಾರ ಹಾಕಿದ ರಾಮನಾಥ ಶಾಸ್ತ್ರಿಯ ಪಕ್ಕದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದು ಸಹನೆಯಾಗಲಿಲ್ಲ. ಹಿಂದಿನ ಬೆಂಚಿಗೆ ಕಳಿಸಿದರು. ಇಬ್ಬರು ಮಕ್ಕಳೂ ಮನೆಯಲ್ಲಿ ಹೇಳಿದರು. ರಾಮನಾಥನ ತಂದೆ, ದೇವಸ್ಥಾನದ ಪ್ರಧಾನ ಅರ್ಚಕ ಲಕ್ಷ್ಮಣ ಶಾಸ್ತ್ರಿ, ಅಧ್ಯಾಪಕರನ್ನು ಕರೆಸಿ ಮಕ್ಕಳ ಮನಸ್ಸಿನಲ್ಲಿ ವಿಷ ಬಿತ್ತಬೇಡಿ, ಕ್ಷಮೆ ಕೇಳಿ, ಇಲ್ಲವೇ ಊರು ಬಿಡಿ ಎಂದರು. ಅಧ್ಯಾಪಕರು ತಪ್ಪು ತಿದ್ದಿಕೊಂಡರು. ಎರಡನೆಯದು ವಿಜ್ಞಾನದ ಮೇಷ್ಟ್ರು ಶಿವಸುಬ್ರಹ್ಮಣ್ಯ ಅಯ್ಯರ್ ಹುಡುಗನನ್ನು ಮನೆಗೆ ಊಟಕ್ಕೆ ಕರೆದದ್ದು. ಮಡಿಯ ಹೆಂಡತಿ ಅಡುಗೆ ಮನೆಯಲ್ಲಿ ಬಡಿಸಲು ಒಪ್ಪಲಿಲ್ಲ. ಅಯ್ಯರ್ ಕೋಪಿಸಿಕೊಳ್ಳದೆ ತಾವೇ ಬಡಿಸಿ ಪಕ್ಕದಲ್ಲಿ ಕುಳಿತು ಉಂಡರು. ಹೊರಡುವಾಗ ಮುಂದಿನ ವಾರವೂ ಬರಬೇಕೆಂದರು. ಮುಂದಿನ ವಾರ ಆಕೆಯೇ ಒಳಗೆ ಕರೆದು ಬಡಿಸಿದಳು.

ಈ ಎರಡನ್ನೂ ನಾವು ಸೌಹಾರ್ದದ ಕತೆಗಳಾಗಿ ಓದುತ್ತ ಬಂದಿದ್ದೇವೆ. ಅದು ತಪ್ಪಲ್ಲ. ಆದರೆ ಶಿಕ್ಷಣದ ಕಣ್ಣಿನಿಂದಲೂ ಓದಬೇಕು. ಮೊದಲ ಪ್ರಸಂಗದಲ್ಲಿ ಒಬ್ಬ ಜಾಣ ಹುಡುಗ ಹಿಂದಿನ ಬೆಂಚಿಗೆ ಹೋಗಿ ಅಲ್ಲೇ ಉಳಿದುಬಿಡುವ ಸಾಧ್ಯತೆ ಪೂರ್ತಿಯಾಗಿ ಇತ್ತು. ಹಿಂದಿನ ಬೆಂಚಿಗೆ ಕಳಿಸಿದ ಮಗು ಕೆಲವೇ ತಿಂಗಳಲ್ಲಿ ತಾನು ಅಲ್ಲಿಗೇ ಸೇರಿದವನೆಂದು ನಂಬಿಬಿಡುತ್ತದೆ. ಆ ಹುಡುಗನ ಅದೃಷ್ಟವೆಂದರೆ ಊರಿನಲ್ಲಿ ಮಾತಿಗೆ ತೂಕವಿದ್ದ ಒಬ್ಬರು ಅದೇ ದಿನಗಳಲ್ಲಿ ಮಾತನಾಡಿದರು. ಎರಡನೆಯದರಲ್ಲಿ ಮುಖ್ಯವಾದದ್ದು ಎರಡನೇ ಆಹ್ವಾನ. ಒಮ್ಮೆ ಪ್ರೋತ್ಸಾಹಿಸಿ ಕೈ ತೊಳೆದುಕೊಳ್ಳುವವರು ಎಲ್ಲೆಡೆ ಇದ್ದಾರೆ. ಮುಜುಗರವಾದ ಮೇಲೂ ಮತ್ತೊಮ್ಮೆ ಬಾ ಎಂದು ಕರೆಯುವ ಅಧ್ಯಾಪಕ ಅಪರೂಪ.

ಪುಸ್ತಕದ ಎಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ. ಶ್ವಾರ್ಟ್ಜ್ ಹೈಸ್ಕೂಲಿನಲ್ಲಿ ಗಣಿತದ ರಾಮಕೃಷ್ಣ ಅಯ್ಯರ್, ತಪ್ಪಿ ತಮ್ಮ ತರಗತಿಗೆ ಕಾಲಿಟ್ಟ ಹುಡುಗನನ್ನು ಎಲ್ಲರೆದುರು ಬೆತ್ತದಿಂದ ಹೊಡೆದರಂತೆ. ಮುಂದೆ ಆತ ಗಣಿತದಲ್ಲಿ ಪೂರ್ತಿ ಅಂಕ ತೆಗೆದಾಗ, ತಾನು ಹೊಡೆದವರು ದೊಡ್ಡ ಮನುಷ್ಯರಾಗುತ್ತಾರೆ ಎಂದು ಬೆಳಗಿನ ಸಭೆಯಲ್ಲಿ ಹೇಳಿದರಂತೆ. ಕಲಾಂ ಇದನ್ನು ನಗುತ್ತಲೇ ನೆನೆಯುತ್ತಾರೆ. ನಮಗೆ ನಗು ಬರುವುದಿಲ್ಲ. ಆ ಬೆತ್ತ ತಿಂದು ಮತ್ತೆ ಶಾಲೆಯ ಕಡೆ ತಲೆ ಹಾಕದ ಮಕ್ಕಳು ಆತ್ಮಕಥೆ ಬರೆಯುವುದಿಲ್ಲ. ಅದೇ ಶಾಲೆಯ ಇಯಾದುರೈ ಸೊಲೊಮನ್ ಕೆಲಸ ಮಾಡಿದ ರೀತಿ ಬೇರೆ. ನಿನಗೇನು ಬೇಕೋ ಅದನ್ನು ತೀವ್ರವಾಗಿ ಬಯಸು, ನಂಬು, ನಿರೀಕ್ಷಿಸು ಎಂದು ಕಲಿಸಿದರು. ಓದು ಬರಹ ಇಲ್ಲದ ಮನೆಯಿಂದ ಬಂದ ಮಗುವಿಗೆ ನೀನು ಏನಾಗಬಲ್ಲೆ ಎಂದು ದಿನವೂ ಹೇಳುವ ಒಬ್ಬ ದೊಡ್ಡವರು ಬೇಕು. ಇಬ್ಬರು ಮೇಷ್ಟ್ರುಗಳಲ್ಲಿ ಯಾರಿಂದ ಹುಡುಗ ಬೆಳೆದ ಎಂಬುದನ್ನು ಪುಸ್ತಕವೇ ಸ್ಪಷ್ಟವಾಗಿ ತೋರಿಸುತ್ತದೆ.

ಈಗ ಬಳೆಗಳ ವಿಷಯಕ್ಕೆ ಬರೋಣ. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ತನ್ನ ದಾರಿ ಭೌತಶಾಸ್ತ್ರವಲ್ಲ, ಎಂಜಿನಿಯರಿಂಗ್ ಎಂದು ಆ ಯುವಕನಿಗೆ ಹೊಳೆಯಿತು. ಮದ್ರಾಸ್ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಆಯ್ಕೆ ಪಟ್ಟಿಯಲ್ಲಿ ಹೆಸರೂ ಬಂತು. ಸೇರಲು ಸುಮಾರು ಒಂದು ಸಾವಿರ ರೂಪಾಯಿ ಬೇಕಿತ್ತು. ತಂದೆಯ ಬಳಿ ಅಷ್ಟು ಹಣವಿರಲಿಲ್ಲ. ಆಗ ಅಕ್ಕ ಜೊಹರಾ ತನ್ನ ಚಿನ್ನದ ಬಳೆ, ಸರಗಳನ್ನು ಅಡವಿಟ್ಟು ಹಣ ಹೊಂದಿಸಿದಳು. ತನ್ನ ಸ್ವಂತ ದುಡಿಮೆಯಿಂದ ಆ ಬಳೆಗಳನ್ನು ಬಿಡಿಸಿಕೊಡುತ್ತೇನೆಂದು ತಮ್ಮ ಅಂದು ಪಣ ತೊಟ್ಟ. ಅದಕ್ಕಿದ್ದ ದಾರಿ ಒಂದೇ, ಚೆನ್ನಾಗಿ ಓದಿ ವಿದ್ಯಾರ್ಥಿವೇತನ ಪಡೆಯುವುದು. ವಿನ್ಯಾಸದ ಕೆಲಸ ತೃಪ್ತಿಯಾಗದ ಪ್ರೊಫೆಸರ್ ಶ್ರೀನಿವಾಸನ್ ಮೂರು ದಿನದಲ್ಲಿ ಮುಗಿಸದಿದ್ದರೆ ವಿದ್ಯಾರ್ಥಿವೇತನ ನಿಲ್ಲಿಸುತ್ತೇನೆ ಎಂದಾಗ ಆತ ನಿದ್ದೆ ಬಿಟ್ಟು ದುಡಿದದ್ದು ಏಕೆಂದು ಬಳೆಗಳನ್ನು ನೆನಪಿಟ್ಟುಕೊಂಡವರಿಗೆ ತಿಳಿಯುತ್ತದೆ.

ಭಾರತದ ಕ್ಷಿಪಣಿ ಯೋಜನೆಯ ಇತಿಹಾಸದಲ್ಲಿ ಆ ಬಳೆಗಳಿಗೊಂದು ಜಾಗವಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಆದರೆ 'ವಿಂಗ್ಸ್ ಆಫ್ ಫೈರ್'ನಲ್ಲಿ ಅವುಗಳಿಗೆ ಸಿಕ್ಕಿರುವುದು ಕೆಲವೇ ಸಾಲುಗಳು. ಜೊಹರಾ ಒಂದು ಬಾಗಿಲಿನಿಂದ ಬಂದು ಬಳೆ ಕಳಚಿಟ್ಟು ಇನ್ನೊಂದು ಬಾಗಿಲಿನಿಂದ ಹೊರಟುಹೋಗುತ್ತಾಳೆ. ಅವಳು ಏನು ಓದಿದಳು, ಏನಾಗಬೇಕೆಂದಿದ್ದಳು, ತಮ್ಮನಷ್ಟೇ ಚುರುಕಾಗಿದ್ದಳೇ, ಆ ಪುಸ್ತಕ ಕೇಳುವುದಿಲ್ಲ. ಕಲಾಂ ಅವರಿಗೆ ಈ ಋಣದ ಅರಿವು ಇರಲಿಲ್ಲವೆಂದಲ್ಲ. 2013ರ 'ಮೈ ಜರ್ನಿ'ಯಲ್ಲಿ ಅವರು ತಾಯಿ ಮತ್ತು ಅಕ್ಕನಿಗಾಗಿಯೇ ಒಂದು ಅಧ್ಯಾಯ ಮೀಸಲಿಟ್ಟರು. ಬೆನ್ನಿಗೆ ನಿಂತ ಪ್ರತಿಯೊಬ್ಬರ ಹೆಸರನ್ನೂ ಹೇಳುವುದು ಅವರ ದೊಡ್ಡ ಗುಣ. ತಪ್ಪು ನಮ್ಮ ಓದಿನದು. ಗೋಡೆಗೆ ಹಾಕುವಾಗ ಚಿತ್ರವನ್ನು ಕತ್ತರಿಸಿ ಒಬ್ಬರನ್ನು ಮಾತ್ರ ಉಳಿಸಿಕೊಂಡವರು ನಾವು.

ಜಲಾಲುದ್ದೀನನ ಬಗ್ಗೆಯೂ ಇದನ್ನೇ ಹೇಳಬೇಕು. ಮನೆಯ ಕಷ್ಟದಿಂದಾಗಿ ಅವನು ಓದನ್ನು ಮಧ್ಯದಲ್ಲೇ ಬಿಟ್ಟಿದ್ದ. ಬಹುಶಃ ಅದಕ್ಕೇ ತನ್ನನ್ನು ಅಷ್ಟು ಹುರಿದುಂಬಿಸಿದ ಎಂದು ಕಲಾಂ ಬರೆಯುತ್ತಾರೆ. ಇಡೀ ದ್ವೀಪದಲ್ಲಿ ಇಂಗ್ಲಿಷ್ ಬಲ್ಲ ಏಕೈಕ ಮನುಷ್ಯ, ಸಾಹಿತ್ಯ ವಿಜ್ಞಾನಗಳ ಬಗ್ಗೆ ಮಾತನಾಡಬಲ್ಲವನು. ಅವನೇ ಆ ಊರಿನ ಮೊದಲ ಪ್ರತಿಭಾವಂತನಾಗಿದ್ದಿರಬಹುದು. ಅವನಿಗಾಗಿ ಬಳೆ ಅಡವಿಡುವವರು ಇರಲಿಲ್ಲ, ಅಷ್ಟೇ. ಹೀಗೆ ಓದಿದಾಗ ಪುಸ್ತಕದ ಮೊದಲ ಅಧ್ಯಾಯಗಳು ಒಬ್ಬ ಗೆದ್ದವನ ಕತೆಯಾಗಿ ಉಳಿಯುವುದಿಲ್ಲ. ಮೂರು ಮೊಳಕೆಗಳಲ್ಲಿ ಒಂದು ಮರವಾಯಿತು, ಉಳಿದೆರಡು ಅದಕ್ಕೆ ಗೊಬ್ಬರವಾದವು ಎಂಬ ಕತೆಯಾಗುತ್ತದೆ.

ಇದು ಒಂದೇ ಮನೆಯ ಕತೆಯಲ್ಲ ಎಂಬುದಕ್ಕೆ ಅದೇ ತಮಿಳುನಾಡಿನಿಂದ ಇನ್ನೊಂದು ಜೀವನವನ್ನು ನೋಡಬಹುದು. 1887ರಲ್ಲಿ ಈರೋಡಿನಲ್ಲಿ ಹುಟ್ಟಿ ಕುಂಭಕೋಣಂನಲ್ಲಿ ಬೆಳೆದ ಶ್ರೀನಿವಾಸ ರಾಮಾನುಜನ್. ಮನೆಯ ಖರ್ಚಿಗಾಗಿ ತಾಯಿ ಕೋಮಲತಮ್ಮಾಳ್ ಕಾಲೇಜು ಹುಡುಗರನ್ನು ಮನೆಯಲ್ಲಿ ಇರಿಸಿಕೊಂಡಿದ್ದರು. ಆ ಹುಡುಗರಿಗೆ ಗೊತ್ತಿದ್ದ ಗಣಿತವನ್ನೆಲ್ಲ ಈ ಪುಟ್ಟ ಬಾಲಕ ಕಲಿತು ಮುಗಿಸಿದ. 1904ರಲ್ಲಿ ಶಾಲೆ ಗಣಿತಕ್ಕೆ ಬಹುಮಾನ ಕೊಟ್ಟಿತು. ಕುಂಭಕೋಣಂ ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನವೂ ಸಿಕ್ಕಿತು. ಗಣಿತದಲ್ಲೇ ಮುಳುಗಿ ಉಳಿದ ವಿಷಯಗಳಲ್ಲಿ ಫೇಲಾದಾಗ ಅದು ಹೋಯಿತು. ಮದ್ರಾಸಿನ ಪಚ್ಚೈಯಪ್ಪ ಕಾಲೇಜಿನಿಂದ ಎಫ್.ಎ. ಪರೀಕ್ಷೆಗೆ ಕೂತು ಮತ್ತೆ ಫೇಲಾದರು. ಒಟ್ಟು ಅಂಕ ನೋಡುವ ವ್ಯವಸ್ಥೆಗೆ ಅವರು ದಡ್ಡ. ಆಮೇಲಿನ ವರ್ಷಗಳಲ್ಲಿ ಆರ್. ರಾಮಚಂದ್ರ ರಾವ್ ತಿಂಗಳಿಗೆ 25 ರೂಪಾಯಿ ಕೊಟ್ಟರು. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿಯ ಗುಮಾಸ್ತಿಕೆ ಸಿಕ್ಕಿತು. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಹಾರ್ಡಿಗೆ ಬರೆದ ಪತ್ರದ ನಂತರ ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ವಿದ್ಯಾರ್ಥಿವೇತನ ನೀಡಿತು. ಆ 25, 30, 75 ರೂಪಾಯಿಗಳೂ ಜೊಹರಾಳ ಬಳೆಗಳ ಜಾತಿಗೇ ಸೇರಿದವು. ಆದರೆ ಸಹಾಯ ತಡವಾಗಿ ಬಂತು. ನೆರವಿಲ್ಲದೆ, ಹೊಟ್ಟೆಗೂ ಸರಿಯಾಗಿಲ್ಲದೆ ಅಲೆದ ವರ್ಷಗಳು ಮರಳಲಿಲ್ಲ. 1920ರಲ್ಲಿ, 32ನೇ ವಯಸ್ಸಿಗೆ, ಅವರು ತೀರಿಕೊಂಡರು.

ಪ್ರತಿಭೆಯನ್ನು ಅಳೆದು ಹುಡುಕಬಹುದೆಂಬ ನಂಬಿಕೆಗೂ ಮಿತಿಯಿದೆ. 1921ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಬುದ್ಧಿಮತ್ತೆಯ ಪರೀಕ್ಷೆಗಳ ಮೂಲಕ ಕ್ಯಾಲಿಫೋರ್ನಿಯಾದ ಸುಮಾರು ಒಂದೂವರೆ ಸಾವಿರ ಮಕ್ಕಳನ್ನು ಆರಿಸಿ ಜೀವನವಿಡೀ ಗಮನಿಸುವ ಅಧ್ಯಯನ ಆರಂಭಿಸಿದರು. ಪರೀಕ್ಷೆಯಲ್ಲಿ ಅಂಕ ಸಾಲದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಅಲ್ವಾರೆಜ್ ಎಂಬ ಇಬ್ಬರು ಹುಡುಗರಿದ್ದರು. 1956 ಮತ್ತು 1968ರಲ್ಲಿ ಇವರಿಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ಆರಿಸಲ್ಪಟ್ಟ ಮಕ್ಕಳಲ್ಲಿ ಯಾರಿಗೂ ಬರಲಿಲ್ಲ. ಕಲಾಂ ಅವರೂ ವಾಯುಪಡೆಗೆ ಸೇರಲು ಡೆಹ್ರಾಡೂನಿಗೆ ಹೋದಾಗ 25 ಜನರಲ್ಲಿ ಒಂಬತ್ತನೆಯವರಾದರು. ತೆಗೆದುಕೊಂಡದ್ದು ಎಂಟು ಜನರನ್ನು.

ಭಾಷೆಯ ಅಂತರ ಇನ್ನೊಂದು ತೊಡಕು. ಅದನ್ನು ನಾವು ಸ್ವತಃ ಕಂಡಿದ್ದೇವೆ. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಉರ್ದು ಶಾಲೆಯಲ್ಲಿ ನಮ್ಮ ಜೊತೆ ಒಬ್ಬಳಿದ್ದಳು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಿದ್ದಳು. ಹೇಗೆ ಮಾಡಿದೆ ಎಂದರೆ 'ದಿಖ್ತಾ ಹೈ' ಎನ್ನುತ್ತಿದ್ದಳು, ಕಾಣಿಸುತ್ತದೆ. ಏಳನೇ ತರಗತಿಯ ನಂತರ ಊರಿನಲ್ಲಿ ಇದ್ದದ್ದು ಕನ್ನಡ ಹೈಸ್ಕೂಲು ಒಂದೇ. ಅಲ್ಲಿ ಬಂದ ಮೊದಲ ತಿಂಗಳು ನಮಗೆ ಯಾರಿಗೂ ಬಾಯಿ ಬರಲಿಲ್ಲ. ತ್ರಿಭುಜ, ಸಮೀಕರಣ, ವರ್ಗಮೂಲ ಎಂಬ ಶಬ್ದಗಳು ಕಲ್ಲಿನಂತೆ ಎದುರಿಗೆ ನಿಂತವು. ಅವಳಿಗೆ ಉತ್ತರ ಕಾಣಿಸುತ್ತಿತ್ತು, ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಗಣಿತದ ಮೇಷ್ಟ್ರು ಒಳ್ಳೆಯವರೇ. ಆದರೆ ಮಾತನಾಡದ ಹುಡುಗಿಯರ ಸಾಲನ್ನು ಅವರು ದಡ್ಡರ ಸಾಲೆಂದು ತಿಳಿದರು. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ 31 ಅಂಕ ಬಂತು. ಆ ಅಂಕಪಟ್ಟಿ ಮನೆಯವರಿಗೆ ಬೇಕಾಗಿದ್ದ ಕಾರಣವಾಯಿತು. ಒಂಬತ್ತನೇ ತರಗತಿಗೆ ಅವಳು ಬರಲಿಲ್ಲ. ನಾವು ಹುಡುಗರು ಹೇಗೋ ತಡಕಾಡಿ ಕನ್ನಡ ಕಲಿತು ದಾಟಿಕೊಂಡೆವು. ನಮ್ಮ ಮನೆಗಳಲ್ಲಿ ನಮಗೆ ತಡಕಾಡಲು ಎರಡು ವರ್ಷದ ಸಮಯ ಕೊಟ್ಟಿದ್ದರು. ಅವಳಿಗೆ ಆರು ತಿಂಗಳು ಕೊಟ್ಟರು.

ಹೀಗೆ ಹೇಳಿದಾಗ ಒಂದು ಆಕ್ಷೇಪ ಬರುವುದು ಸಹಜ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ 6ರಿಂದ 14 ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ನಾಲ್ಕರಲ್ಲಿ ಒಬ್ಬರು ಶಾಲೆಗೇ ಹೋಗಿರಲಿಲ್ಲ ಅಥವಾ ಓದು ಬಿಟ್ಟಿದ್ದರು. ಎಲ್ಲರನ್ನೂ ಶಾಲೆಯಲ್ಲಿ ಉಳಿಸಿಕೊಳ್ಳುವುದೇ ಕಷ್ಟವಾಗಿರುವಾಗ ಜಾಣರಿಗೆ ವಿಶೇಷ ವ್ಯವಸ್ಥೆ ಬೇಕೆನ್ನುವುದು ಐಷಾರಾಮವಲ್ಲವೇ? ಪ್ರತಿಭಾವಂತ ಮಗು ಹೇಗಾದರೂ ಮೇಲೆ ಬಂದೇ ಬರುತ್ತದೆ ಎಂದಾದರೆ ಈ ಆಕ್ಷೇಪ ಸರಿ. ಮೇಲಿನ ಎಲ್ಲ ಉದಾಹರಣೆಗಳೂ ಹೇಳುವುದು ಹಾಗೆ ಆಗುವುದಿಲ್ಲವೆಂದೇ. ಶಾಲೆ ಬಿಟ್ಟ ಆ ನಾಲ್ಕನೆಯ ಮಗುವಿನಲ್ಲೇ ಜಲಾಲುದ್ದೀನ್ ಇರಬಹುದು. ಎರಡೂ ಕೆಲಸ ಒಂದೇ.

ವ್ಯವಸ್ಥೆ ಏನೂ ಇಲ್ಲವೆಂದು ಹೇಳುವುದು ನ್ಯಾಯವಲ್ಲ. 1986ರ ಶಿಕ್ಷಣ ನೀತಿಯ ಫಲವಾದ ನವೋದಯ ವಿದ್ಯಾಲಯಗಳು ಆರನೇ ತರಗತಿಗೆ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸುತ್ತವೆ. ಕನಿಷ್ಠ ಶೇ. 75 ಸೀಟು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಕರ್ನಾಟಕದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ 2010ರ ಸುಮಾರಿಗೆ ಪ್ರತಿಭಾವಂತ ಮಕ್ಕಳನ್ನು ಗುರುತಿಸಿ ಬೆಳೆಸುವ ಕಾರ್ಯಕ್ರಮವೊಂದನ್ನು ಕೈಗೆತ್ತಿಕೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇಂಥ ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಮಾತನಾಡುತ್ತದೆ. ಗಣಿತ ವೃತ್ತ, ವಿಜ್ಞಾನ ವೃತ್ತಗಳನ್ನು ಕಟ್ಟಬೇಕೆನ್ನುತ್ತದೆ. ಕಾಗದದ ಮೇಲೆ ಒಳ್ಳೆಯ ಮಾತುಗಳೇ. ಆದರೆ ಅದೇ ಕಾಲದಲ್ಲಿ, 2022ರಲ್ಲಿ, ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ನಿಂತಿತು. ಕಡ್ಡಾಯ ಶಿಕ್ಷಣ ಕಾಯ್ದೆಯಡಿ ಎಂಟನೇ ತರಗತಿವರೆಗೆ ಶಿಕ್ಷಣ ಹೇಗೂ ಉಚಿತ ಎಂಬುದು ಅದಕ್ಕೆ ಕೊಟ್ಟ ಕಾರಣ. ಅದೇ ವರ್ಷ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ನಿಂತಿತು. ಮೊಳಕೆಯ ನೀರನ್ನೂ ಮರದ ನೀರನ್ನೂ ಒಟ್ಟಿಗೆ ನಿಲ್ಲಿಸಿದ ಹಾಗೆ. ಶಾಲೆ ಉಚಿತವಾದರೂ ಬಡವರ ಮನೆಯಲ್ಲಿ ಮಗುವಿನ ಸಮಯ ಉಚಿತವಲ್ಲ ಎಂಬುದು ಆ ಕಾರಣ ಬರೆದವರಿಗೆ ತಿಳಿಯದು.

ಸರ್ಕಾರವನ್ನು ದೂರಿ ಮುಗಿಸುವುದು ಸುಲಭ. ನಮ್ಮ ಕೈಯಲ್ಲಿರುವುದನ್ನೂ ನೋಡಬೇಕು. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ನಂತರ ನಮ್ಮ ಊರುಗಳಲ್ಲಿ ಪ್ರತಿಭಾ ಪುರಸ್ಕಾರಗಳ ಸುಗ್ಗಿ. ಶಾಲು, ಹಾರ, ಸ್ಮರಣಿಕೆ, ವೇದಿಕೆಯ ತುಂಬ ಗಣ್ಯರು, ಫೋಟೋ. ಅದೇ ಹುಡುಗಿ ನಾಲ್ಕು ಸಂಸ್ಥೆಗಳಿಂದ ನಾಲ್ಕು ಶಾಲು ಪಡೆಯುತ್ತಾಳೆ. ಮಕ್ಕಳಿಗೆ ಗೌರವ ಸಿಗುವುದು ಸಂತೋಷವೇ. ಆದರೆ ಅದು ಹಣ್ಣು ಬಿಟ್ಟ ಮರಕ್ಕೆ ನೀರು ಹಾಕಿದಂತೆ. ಅದರ ಅರ್ಧ ಖರ್ಚನ್ನು ನಾಲ್ಕು, ಐದನೇ ತರಗತಿಗೆ ತಿರುಗಿಸಿದರೆ ಏನಾಗಬಹುದು? ಮೊಹಲ್ಲಾದ ಮಸೀದಿಯ ಪಕ್ಕದಲ್ಲೊಂದು ಕೋಣೆ, ಸಂಜೆ ಎರಡು ಗಂಟೆ ಬೆಳಕು, ಉರ್ದು ಕನ್ನಡ ಎರಡೂ ಭಾಷೆಯ ಪುಸ್ತಕಗಳು. ಏಳರಿಂದ ಎಂಟಕ್ಕೆ ಹೋಗುವ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಗಣಿತ, ವಿಜ್ಞಾನದ ಕನ್ನಡ ಶಬ್ದಗಳ ಪರಿಚಯ. ಯಾವ ಪರೀಕ್ಷೆಗೆ ಎಂದು ಅರ್ಜಿ ಎಂಬ ಒಂದು ಪಟ್ಟಿ. ಇದಕ್ಕೆ ಬೇಕಾಗಿರುವುದು ಒಬ್ಬ ಜಲಾಲುದ್ದೀನ್ ಮಾತ್ರ. ಅಂಥವರು ಪ್ರತಿ ಊರಿನಲ್ಲೂ ಇದ್ದಾರೆ, ನಾವು ಅವರನ್ನು ಅರ್ಜಿ ಬರೆಸಿಕೊಳ್ಳಲು ಮಾತ್ರ ಹುಡುಕುತ್ತೇವೆ.

ಮೇಷ್ಟ್ರುಗಳಿಗೂ ಒಂದು ಮಾತು. ಬೇಗ ಮುಗಿಸಿದ ಮಗುವಿಗೆ ಅದೇ ರೀತಿಯ ಇನ್ನೂ ಹತ್ತು ಲೆಕ್ಕ ಕೊಡುವುದು ಶಿಕ್ಷೆ. ಇನ್ನೊಂದು ಬಗೆಯ, ಸ್ವಲ್ಪ ಕಠಿಣವಾದ ಒಂದೇ ಲೆಕ್ಕ ಕೊಡುವುದು ಶಿಕ್ಷಣ. ತರಗತಿಯಲ್ಲಿ ಗಲಾಟೆ ಮಾಡುವ, ಕಿಟಕಿಯಾಚೆ ನೋಡುವ ಮಗು ಕೆಲವೊಮ್ಮೆ ಪಾಠ ತಿಳಿಯದೆ ಹಾಗಿರುತ್ತದೆ, ಕೆಲವೊಮ್ಮೆ ಪಾಠ ಆಗಲೇ ತಿಳಿದುಬಿಟ್ಟು ಹಾಗಿರುತ್ತದೆ. ಯಾವುದೆಂದು ತಿಳಿಯಲು ಅದರ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಬೇಕು. ಇನ್ನು ಮನೆಗಳಲ್ಲಿ ಇತ್ತೀಚೆಗೆ ಹೊಸ ರೋಗವೊಂದು ಬಂದಿದೆ. ಸ್ವಲ್ಪ ಚುರುಕಾದ ಮಗು ಕಂಡರೆ ಸಾಕು, ಬಂದವರ ಮುಂದೆಲ್ಲ ಪ್ರದರ್ಶನ, ಆರನೇ ತರಗತಿಯಿಂದಲೇ ನೀಟ್ ಕೋಚಿಂಗ್. ಮಗುವಿನ ಪ್ರಶ್ನೆಗಳಿಗೆ ಪುರುಸೊತ್ತಿಲ್ಲ. ಜೈನುಲಾಬ್ದೀನ್ ಸಾಹೇಬರ ಬಳಿ ಕೋಚಿಂಗಿಗೆ ಹಣವಿರಲಿಲ್ಲ, ಉತ್ತರಿಸಲು ಸಮಯವಿತ್ತು. ತಮ್ಮನ ಜಾಣತನವನ್ನು ಹೊಗಳುತ್ತ ಅಕ್ಕನ ಕೈಗೆ ಪೊರಕೆ ಕೊಡುವ ಹಳೆಯ ರೋಗವೂ ವಾಸಿಯಾಗಿಲ್ಲ. ಈಗ ನಮ್ಮ ಹೆಣ್ಣುಮಕ್ಕಳು ಪರೀಕ್ಷೆಗಳಲ್ಲಿ ಹುಡುಗರನ್ನು ಹಿಂದೆ ಹಾಕುತ್ತಿರುವ ಮನೆಗಳಲ್ಲೂ ಬಳೆ ಅಡವಿಡುವ ಪ್ರಸಂಗ ಬಂದಾಗ ಅದು ಯಾರಿಗಾಗಿ ಎಂದು ಕೇಳಿ ನೋಡಬೇಕು.

ಕಳೆದ ವರ್ಷ ಮದುವೆಯೊಂದರಲ್ಲಿ ಆ ಹಳೆಯ ಸಹಪಾಠಿ ಸಿಕ್ಕಳು. ಮೂವತ್ತು ವರ್ಷಗಳೇ ಆಗಿದ್ದವು. ಅಡುಗೆಯವನು ಎಲೆಗೆ ಇಷ್ಟು ಎಂದು ಲೆಕ್ಕ ಹೇಳುತ್ತಿದ್ದ. ಅವನು ಫೋನು ತೆಗೆಯುವ ಮೊದಲೇ ಅವಳು ಮೊತ್ತ ಹೇಳಿ, ಮುಂಗಡ ಕಳೆದು, ಉಳಿದದ್ದನ್ನೂ ಹೇಳಿದಳು. ಅವಳ ಕಿರಿಯ ಮಗಳು ಸರ್ಕಾರಿ ಉರ್ದು ಶಾಲೆಯಲ್ಲಿ ಎಂಟನೇ ತರಗತಿ. 'ಇವಳಿಗೂ ಕಾಣಿಸುತ್ತದೆ' ಎಂದಳು. ಎಂಟನೇ ತರಗತಿಯಲ್ಲಿ ಬರೆಯುವ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆಯಿದೆ, ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ, ಸರ್ಕಾರಿ ಶಾಲೆಯ ಬಡ ಮಕ್ಕಳಿಗಾಗಿಯೇ ಇರುವುದು ಎಂದು ನಾವು ಹೇಳಿದೆವು. ಅವಳು ಆ ಹೆಸರನ್ನೇ ಕೇಳಿರಲಿಲ್ಲ. ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. 'ಅರ್ಜಿ ಯಾವಾಗ ಕರೆಯುತ್ತಾರೆ?' ಎಂದು ಕೇಳಿದಳು.

ಪ್ರತಿಭೆಯ ಬಗ್ಗೆ ಎಷ್ಟೋ ವೇದಿಕೆಗಳಲ್ಲಿ ಮಾತನಾಡಿದ್ದ ನಮಗೆ ತಾರೀಖು ಗೊತ್ತಿರಲಿಲ್ಲ. ಊಟಕ್ಕೆ ಕೂರುವ ಮೊದಲು ಪರಿಚಯದ ಮೇಷ್ಟ್ರೊಬ್ಬರಿಗೆ ಫೋನು ಮಾಡಿ ಕೇಳಿದೆವು. ಕೊನೆಯ ದಿನಕ್ಕೆ ಇನ್ನೂ ಹನ್ನೊಂದು ದಿನ ಬಾಕಿಯಿತ್ತು.